ಮಾಂಸದ ಗರಗಸ ಮರಕ್ಕೆ ಒಗ್ಗೀತೇ?

ಮಾಂಸದಂಗಡಿಯ ಹಳೆಯ ಬ್ಯಾಂಡ್ ಸಾ ಅಗ್ಗಕ್ಕೆ ಸಿಕ್ಕರೆ ತೋಟದ ಮರಗೆಲಸಕ್ಕೆ ಆದೀತೇ ಎಂದು ಸದಸ್ಯ ಬಾಂಧವರು ಕೇಳುತ್ತಿದ್ದಾರೆ. ಆದೀತು. ಆದರೆ ಬ್ಲೇಡ್ ಬದಲಿಸಿದ ಮಾತ್ರಕ್ಕೆ ಆಗದು.

ಎಲುಬು ಕೊಯ್ಯುವ ಬ್ಲೇಡಿನ ಹಲ್ಲುಗಳಿಗೆ ಎಡಬಲ ಬಾಗು ಕಡಿಮೆ. ಹಸಿ ಸಿಲ್ವರ್ ಓಕ್ ಮರದಲ್ಲಿ ಅದು ಕಚ್ಚಿಕೊಂಡು ಬಿಸಿಯೇರುತ್ತದೆ. ಮರದ ಬ್ಲೇಡನ್ನೇ ಹಾಕಿದಿರೆನ್ನಿ, ಈ ಯಂತ್ರದ ಚಕ್ರಗಳಿಗೆ ಸಾಮಾನ್ಯವಾಗಿ ರಬ್ಬರ್ ಹೊದಿಕೆ ಇರುವುದಿಲ್ಲ. ಹಲ್ಲು ಚಕ್ರದಂಚಿನ ಹೊರಗೆ ನಿಲ್ಲದಿದ್ದರೆ ಬರಿಯ ಲೋಹಕ್ಕೆ ಉಜ್ಜಿ ಆ ಬಾಗು ಅಳಿಯುತ್ತದೆ. ಒಳಗೆ ಕಟ್ಟಿಕೊಂಡ ಮರದ ಹುಡಿ ಬ್ಲೇಡನ್ನು ಚಕ್ರದಿಂದ ಜಾರಿಸೀತು. ಆದ್ದರಿಂದ ಮೊದಲ ಖರ್ಚು ಹುಡಿ ಹೊರಬೀಳುವ ಕಿಂಡಿಗೆ, ಬ್ಲೇಡಿನ ಬದಿಗೂ ಬೆನ್ನಿಗೂ ಕೊಡುವ ಆಧಾರಕ್ಕೆ. ಸರಿದಾಡುವ ಮೇಜಿದ್ದರೆ ಅಲುಗದಂತೆ ಬಿಗಿಯಿರಿ.

ಇಷ್ಟಾದ ಮೇಲೂ ಅದು ಜೇನುಪೆಟ್ಟಿಗೆಯ ಹಲಗೆ, ಗುದ್ದಲಿ ಕಾವಿನಂಥ ಕೆಲಸಕ್ಕಷ್ಟೇ ಎಂಬುದು ನನ್ನ ಅಭಿಪ್ರಾಯ. ಅಡಿಕೆ ದಬ್ಬೆಯ ಗಡಸು ನಾರು ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ದುಂಡು ದಿಮ್ಮಿಯಂತೂ ಬೇಡ. ಅದು ಉರುಳಿದರೆ ಕೈಯನ್ನೂ ಬ್ಲೇಡಿನತ್ತ ಎಳೆಯುತ್ತದೆ. ತೆಲಸಂಗದ ನೆಂಟರೊಬ್ಬರು ಕೂರಿಗೆಯ ಜಾಲಿ ಮರಕ್ಕೂ ಇದನ್ನೇ ಹೂಡಲು ಹೊರಟಿದ್ದಾರೆ. ಬಡಿಗೇರರ ಬಾಚಿಗೇ ಬಿಡಿ ಎಂದು ಬರೆದಿದ್ದೇನೆ.

ಕೂಲಿಗೆ ಊರವರ ಮರ ಕೊಯ್ಯುವುದಾದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಒಮ್ಮೆ ಮರಕ್ಕೆ ಇಳಿದ ಯಂತ್ರ ಮತ್ತೆ ಮಾಂಸಕ್ಕೆ ಹೋಗಕೂಡದು.