ಜಾಹೀರಾತಿನ ಅಬ್ಬರ ಮತ್ತು ವೃದ್ಧರ ಕಿವಿ

ಮುಂಬಯಿಯಲ್ಲಿ ದೂರದರ್ಶನ ಕೇಂದ್ರವು ಪ್ರಾರಂಭವಾದುದು 1972ರ ಅಕ್ಟೋಬರ್ 2ರಂದು. 1976ರಲ್ಲಿ ದೂರದರ್ಶನದ ತೆರೆಯ ಮೇಲೆ ಜಾಹೀರಾತುಗಳು ಕಾಣಿಸಿಕೊಂಡವು. ಅಂದಿನಿಂದ ಪೆಟ್ಟಿಗೆಯ ರೂಪವೇ ಬದಲಾಗಿದೆ. ಮರಾಠಿ, ಹಿಂದಿಗಳ ಜೊತೆಯಲ್ಲಿ ಕನ್ನಡದ ವಾಹಿನಿಗಳೂ ಮನೆಯೊಳಗೆ ಬಂದಿವೆ. ತವರುನಾಡಿನಿಂದ ದೂರ ಬಂದು ನೆಲೆಸಿದ ಹಿರಿಯರಿಗೆ ಸಂಜೆಯ ಹೊತ್ತು ತಾಯ್ನುಡಿಯನ್ನು ಕಿವಿತುಂಬ ಕೇಳುವ ಅವಕಾಶವನ್ನು ಇವು ಒದಗಿಸಿವೆ. ಇದು ಸಾಮಾನ್ಯ ಉಪಕಾರವಲ್ಲ. ಆದರೆ ಈ ಉಪಕಾರದ ಬೆನ್ನಿಗೇ ಒಂದು ಉಪದ್ರವವೂ ಅಂಟಿಕೊಂಡಿದೆ.

ಧಾರಾವಾಹಿಯ ತಾಯಿ-ಮಗಳು ಮೆಲುದನಿಯಲ್ಲಿ ಕಷ್ಟಸುಖ ಹೇಳಿಕೊಳ್ಳುತ್ತಿರುವಾಗ ಮಾತು ಕೇಳಿಸಲೆಂದು ಧ್ವನಿಯನ್ನು ಏರಿಸಬೇಕಾಗುತ್ತದೆ. ಮರುಕ್ಷಣವೇ ಸಾಬೂನಿನ, ಮಸಾಲೆ ಪುಡಿಯ, ಗೋಡೆಬಣ್ಣದ ಜಾಹೀರಾತುಗಳು ಸಿಡಿಲಿನಂತೆ ಎರಗುತ್ತವೆ. ವಾಹಿನಿ ಬದಲಿಸಿದರೆ ಅಲ್ಲಿ ಧ್ವನಿಯ ಮಟ್ಟವೇ ಬೇರೆ.

ಡೊಂಬಿವಲಿ, ಮುಲುಂಡ್, ವಸಾಯಿಗಳ ಒಂದು ಕೋಣೆ, ಅಡುಗೆಮನೆಯ ಬಿಡಾರಗಳಲ್ಲಿ ಈ ಏರಿಳಿತವು ಕೇವಲ ಕಿರಿಕಿರಿಯಾಗಿ ಉಳಿಯುವುದಿಲ್ಲ. ಅದೇ ಕೋಣೆಯ ಮೂಲೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ. ಬೆಳಗಿನ ಲೋಕಲ್ ಹಿಡಿಯಬೇಕಾದವರು ಬೇಗನೆ ಮಲಗಿರುತ್ತಾರೆ. ಗೋಡೆಯ ಆಚೆಗೆ ನೆರೆಮನೆ. ಅಬ್ಬರ ಕೇಳಿದೊಡನೆ ಎಲ್ಲರ ದೃಷ್ಟಿ ಹೋಗುವುದು ಜಾಹೀರಾತಿನ ಕಡೆಗಲ್ಲ, ರಿಮೋಟ್ ಹಿಡಿದು ಕುಳಿತ ಅಜ್ಜಿಯ ಕಡೆಗೆ. ‘ಅಜ್ಜಿ, ಸ್ವಲ್ಪ ಸಣ್ಣ ಮಾಡಿ’ ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬಿದ್ದಾಗ, ಅವರು ಮೊದಲು ಧ್ವನಿಯನ್ನು ತಗ್ಗಿಸುತ್ತಾರೆ, ಬಳಿಕ ನೋಡುವುದನ್ನೇ ಬಿಡುತ್ತಾರೆ. ತಪ್ಪು ಒಬ್ಬರದು, ದಂಡ ಇನ್ನೊಬ್ಬರಿಗೆ.

ಕಿವಿಯ ಧರ್ಮ

ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ಥಾಯಿಯ ಧ್ವನಿಗಳನ್ನು ಗ್ರಹಿಸುವ ಶಕ್ತಿ. ಸ, ಶ, ತ ಮೊದಲಾದ ವ್ಯಂಜನಗಳ ಸ್ಪಷ್ಟತೆಯು ಇಂತಹ ಧ್ವನಿಗಳನ್ನೇ ಅವಲಂಬಿಸಿರುವುದರಿಂದ, ಹಿರಿಯರಿಗೆ ಮಾತು ಕೇಳಿಸಿದರೂ ಅರ್ಥವಾಗುವುದಿಲ್ಲ. ಧ್ವನಿ ಏರಿಸುವುದು ಅವರ ಹಠವಲ್ಲ, ಅವರ ಅಗತ್ಯ.

ಇದಕ್ಕಿಂತಲೂ ಗಮನಾರ್ಹವಾದ ಸಂಗತಿ ಇನ್ನೊಂದಿದೆ. ಒಳಕಿವಿ ಸೊರಗಿದ ಅನೇಕರಿಗೆ ಮೆಲುದನಿ ಕೇಳಿಸದು; ಆದರೆ ಜೋರಾದ ಶಬ್ದವು ಇತರರಿಗೆ ಕೇಳಿಸುವಷ್ಟೇ ಜೋರಾಗಿ, ಕೆಲವೊಮ್ಮೆ ಅಸಹನೀಯವಾಗಿ ಕೇಳಿಸುತ್ತದೆ. ಹೀಗೆ ‘ಕೇಳಿಸದು’ ಎಂಬುದಕ್ಕೂ ‘ಸಹಿಸಲಾಗದು’ ಎಂಬುದಕ್ಕೂ ನಡುವಣ ಅಂತರವು ಅವರಲ್ಲಿ ಕಿರಿದಾಗಿರುತ್ತದೆ. ಆದುದರಿಂದ ಜಾಹೀರಾತಿನ ಹಠಾತ್ ಏರಿಕೆಯಿಂದ ಹೆಚ್ಚು ಬಾಧೆ ಪಡುವವರೂ ಅವರೇ. ಹಾಗೆಂದು ನಾಲ್ಕು ನಿಮಿಷದ ಜಾಹೀರಾತಿನಿಂದ ಕಿವುಡು ಬರುತ್ತದೆ ಎನ್ನುವುದು ಅತಿಶಯೋಕ್ತಿಯಾದೀತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆಗಳವರೆಗೆ 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ಅಪಾಯವಿಲ್ಲದೆ ಕೇಳಬಹುದು. ಇಲ್ಲಿರುವ ಹಾನಿ ಬೆಚ್ಚಿಬೀಳುವುದರಲ್ಲಿದೆ, ನಿದ್ರಾಭಂಗದಲ್ಲಿದೆ, ಮನೆಯ ಶಾಂತಿ ಕದಡುವುದರಲ್ಲಿದೆ.

ಗರಿಷ್ಠ ಶಿಲ್ಕು, ಸರಾಸರಿ ಶಿಲ್ಕು

ಜಾಹೀರಾತಿನ ಧ್ವನಿಯು ಕಾರ್ಯಕ್ರಮದ ಗರಿಷ್ಠ ಮಟ್ಟವನ್ನು ದಾಟಿಲ್ಲವೆಂಬ ಸಮರ್ಥನೆ ಹಳೆಯದು. ಅದು ಸುಳ್ಳೇನೂ ಅಲ್ಲ. ಪೂರ್ಣ ಸತ್ಯವೂ ಅಲ್ಲ. ಉಳಿತಾಯ ಖಾತೆಯ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಒಬ್ಬರ ಖಾತೆಯಲ್ಲಿ ಸಂಬಳದ ದಿನ 50,000 ರೂಪಾಯಿ ಇದ್ದು, ಮರುದಿನವೇ ಬಾಡಿಗೆ, ಕಂತುಗಳಿಗೆ ಸಂದು, ಉಳಿದ ದಿನಗಳಲ್ಲಿ 5,000ದ ಆಸುಪಾಸಿನಲ್ಲಿರುತ್ತದೆ. ಇನ್ನೊಬ್ಬರ ಖಾತೆಯಲ್ಲಿ ತಿಂಗಳುದ್ದಕ್ಕೂ 50,000 ರೂಪಾಯಿ ಕದಲದೆ ನಿಂತಿರುತ್ತದೆ. ಗರಿಷ್ಠ ಶಿಲ್ಕು ಇಬ್ಬರದೂ ಒಂದೇ, ಸರಾಸರಿಯಲ್ಲಿ ಅಜಗಜಾಂತರ. ಕಾರ್ಯಕ್ರಮದ ಧ್ವನಿ ಮೊದಲನೆಯ ಖಾತೆಯಂತೆ, ಪಿಸುಮಾತೂ ಉಂಟು, ಕೂಗೂ ಉಂಟು. ಜಾಹೀರಾತಿನಲ್ಲಿಯಾದರೋ ಯಂತ್ರದ ನೆರವಿನಿಂದ ಮೆಲುದನಿಯನ್ನೂ ಮೇಲೆತ್ತಿ, ಎಲ್ಲವನ್ನೂ ಗರಿಷ್ಠದ ಹತ್ತಿರವೇ ನಿಲ್ಲಿಸಿರುತ್ತಾರೆ. ಕಿವಿ ಲೆಕ್ಕ ಹಾಕುವುದು ಹೆಚ್ಚಾಗಿ ಸರಾಸರಿಯನ್ನೇ.

ಬಟ್ಟಿಲ್ಲದ ತಕ್ಕಡಿ

ಈ ಸರಾಸರಿಯನ್ನು ಅಳೆಯುವ ವಿಧಾನವನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿಯೇ ಪ್ರಕಟಿಸಿತು. ಯುರೋಪಿನ ಪ್ರಸಾರ ಒಕ್ಕೂಟವು ಕಾರ್ಯಕ್ರಮ, ಜಾಹೀರಾತುಗಳೆಲ್ಲ ಒಂದೇ ಸರಾಸರಿ ಮಟ್ಟದಲ್ಲಿರಬೇಕೆಂದು 2010ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ಅಮೆರಿಕದಲ್ಲಿ ಅಂಗೀಕೃತವಾದ ಕಾಯಿದೆಯು 2012ರ ಡಿಸೆಂಬರ್‌ನಿಂದ ಜಾಹೀರಾತಿನ ಅಬ್ಬರಕ್ಕೆ ಕಡಿವಾಣ ಹಾಕಿತು. ಅಂತರಜಾಲದ ಮೂಲಕ ಬರುವ ಚಿತ್ರವಾಹಿನಿಗಳಿಗೂ ಇದೇ ನಿರ್ಬಂಧವನ್ನು ವಿಧಿಸುವ ಶಾಸನವನ್ನು ಕ್ಯಾಲಿಫೋರ್ನಿಯಾ ರಾಜ್ಯವು 2025ರಲ್ಲಿ ರೂಪಿಸಿತು.

ಭಾರತದಲ್ಲಿ ನಿಯಮವಿಲ್ಲವೆಂದಲ್ಲ. 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಾವಳಿಯ 7ನೆಯ ನಿಯಮವು ಜಾಹೀರಾತಿನ ದೃಶ್ಯವಾಗಲಿ ಶ್ರಾವ್ಯವಾಗಲಿ ವಿಪರೀತ ಅಬ್ಬರದ್ದಾಗಿರಬಾರದೆಂದು ವಿಧಿಸಿದೆ. ‘ವಿಪರೀತ’ ಎಂದರೆ ಎಷ್ಟು ಎಂಬುದನ್ನು ಮಾತ್ರ ಆ ನಿಯಮ ಹೇಳುವುದಿಲ್ಲ. ವಸತಿ ಪ್ರದೇಶದ ಶಬ್ದಕ್ಕಾದರೆ 2000ದ ಶಬ್ದಮಾಲಿನ್ಯ ನಿಯಮಗಳು ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಎಂದು ಸ್ಪಷ್ಟ ಅಂಕಿಗಳನ್ನೇ ಕೊಟ್ಟಿವೆ. ಜಾಹೀರಾತಿನ ಪಾಲಿಗೆ ತಕ್ಕಡಿಯಿದೆ, ತೂಕದ ಬಟ್ಟಿಲ್ಲ. ಬಟ್ಟಿಲ್ಲದ ತಕ್ಕಡಿಯಲ್ಲಿ ಗಿರಾಕಿಗೆ ನ್ಯಾಯ ಸಿಗುವುದೆಂತು?

ಜಾಹೀರಾತಿನ ಹಣದಿಂದಲೇ ವಾಹಿನಿಗಳು ನಡೆಯುತ್ತವೆ ಎಂಬ ವಾದದಲ್ಲಿ ಸತ್ಯಾಂಶವಿದೆ. ಜಾಹೀರಾತು ಬೇಡವೆಂದು ಯಾರೂ ಹೇಳುತ್ತಿಲ್ಲ. ತಿಂಗಳು ತಿಂಗಳು ಶುಲ್ಕ ತೆರುವ ವೀಕ್ಷಕರು ನೋಡಲು ಒಪ್ಪಿದ್ದಾರೆ, ಬೈಗುಳದ ಧ್ವನಿಯಲ್ಲಿ ಕೇಳಲು ಒಪ್ಪಿಲ್ಲ.

ಮಾಡಬಹುದಾದುದು

ಹೊಸ ಟಿ.ವಿ.ಗಳಲ್ಲಿ ಅನೇಕಕ್ಕೆ ಧ್ವನಿಯನ್ನು ತಾನಾಗಿ ಸಮಗೊಳಿಸುವ ‘ಆಟೋ ವಾಲ್ಯೂಮ್’ ವ್ಯವಸ್ಥೆಯಿದೆ. ಮನೆಯ ಕಿರಿಯರು ಅದನ್ನು ಒಮ್ಮೆ ಹೊಂದಿಸಿಕೊಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಹಿರಿಯರು ಪದೇ ಪದೇ ಧ್ವನಿ ಏರಿಸುತ್ತಿದ್ದರೆ ಗದರುವ ಬದಲು ಅವರ ಶ್ರವಣ ಪರೀಕ್ಷೆ ಮಾಡಿಸುವುದು ವಿವೇಕ. 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆಯು ಬಾಂದ್ರಾದಲ್ಲಿಯೇ ಇದೆ.

ಮೂಲ ರೋಗಕ್ಕೆ ಮದ್ದು ದೂರು. 2021ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಜಾಹೀರಾತು ಸಂಹಿತೆಯ ಉಲ್ಲಂಘನೆಯ ಕುರಿತು ವೀಕ್ಷಕರು ನೇರವಾಗಿ ವಾಹಿನಿಗೇ ಬರೆಯಬಹುದು. ವಾಹಿನಿಯು 15 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ತೃಪ್ತಿಯಾಗದಿದ್ದರೆ ಸ್ವಯಂ ನಿಯಂತ್ರಣ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಒಬ್ಬರ ಪತ್ರ ಕಸದ ಬುಟ್ಟಿ ಸೇರಬಹುದು. ನಾಡಹಬ್ಬ, ನಾಟಕಗಳಿಗೆ ನೂರಾರು ಜನರನ್ನು ಕೂಡಿಸಬಲ್ಲ ಕನ್ನಡ ಸಂಘಗಳು, ದಿನಾಂಕ, ವೇಳೆ, ವಾಹಿನಿಯ ಹೆಸರುಗಳನ್ನು ಗುರುತುಹಾಕಿ ನೂರಾರು ಸಹಿಗಳೊಡನೆ ಬರೆದರೆ ಅದನ್ನು ಉಪೇಕ್ಷಿಸುವುದು ಸುಲಭವಲ್ಲ. ನಿಯಮಕ್ಕೆ ಒಂದು ಅಂಕಿಯನ್ನು ಕೊಡಿರೆಂದು ಕೇಂದ್ರ ಸರಕಾರವನ್ನು ಆಗ್ರಹಿಸುವುದೂ ಈ ಸಂಘಗಳಿಗೆ ಸಾಧ್ಯವಾದ ಕೆಲಸವೇ. ಪರವೂರಿನಲ್ಲಿ ಮುಪ್ಪನ್ನು ಕಳೆಯುತ್ತಿರುವ ಹಿರಿಯ ಜೀವಗಳು ಯಾರ ಗದರಿಕೆಗೂ ಅಂಜದೆ ಸಂಜೆ ಒಂದು ಗಂಟೆ ಕನ್ನಡವನ್ನು ಕೇಳುವಂತಾಗಬೇಕು.