ಶತ್ರು ಯಾರು, ಮಿತ್ರ ಯಾರು?

ನೆರೆಯ ಅರಸನು ಅರಿ, ಅವನಾಚೆಯವನು ಮಿತ್ರ ಎಂಬುದು ಕೌಟಿಲ್ಯನ ಮಂಡಲನೀತಿಯ ತಿರುಳು. ಪುಟ್ಟ ರಾಷ್ಟ್ರವೊಂದು ಈ ನೀತಿಯನ್ನು ನೆಚ್ಚಿದರೆ ಏನಾದೀತೆಂಬುದಕ್ಕೆ ಫಿನ್ಲೆಂಡ್ ನಿದರ್ಶನವಾಗಿದೆ.

1939ರ ನವೆಂಬರ್ 30ರಂದು ಸೋವಿಯತ್ ರಷ್ಯ ಅದರ ಮೇಲೆ ಏರಿಬಂದಿತು. ಕಳೆದ ನೆಲವನ್ನು ಮರಳಿ ಪಡೆಯುವ ಹಂಬಲದಿಂದ 1941ರಲ್ಲಿ ಅದು ಜರ್ಮನಿಯ ಜೊತೆಗೂಡಿ ಕಾದಿತು. ಆ ವರ್ಷದ ಡಿಸೆಂಬರ್ 6ರಂದು, ಫಿನ್ಲೆಂಡಿನ ಸ್ವಾತಂತ್ರ್ಯದಿನದಂದೇ, ಬ್ರಿಟನ್ ಅದರ ಮೇಲೆ ಯುದ್ಧ ಸಾರಿತು. 1944ರಲ್ಲಿ ರಷ್ಯದೊಡನೆ ಕದನವಿರಾಮವಾದಾಗ ನಿನ್ನೆಯ ಸಂಗಾತಿಯಾದ ಜರ್ಮನ್ ಸೇನೆಯನ್ನೇ ಹೊರದೂಡಬೇಕಾಯಿತು. ಆ ಹಿಮ್ಮೆಟ್ಟುವಿಕೆಯಲ್ಲಿ ರೊವಾನಿಯೆಮಿ ಪಟ್ಟಣ ಸುಟ್ಟು ಬೂದಿಯಾಯಿತು. ಐದೇ ವರ್ಷಗಳಲ್ಲಿ ಶತ್ರುಮಿತ್ರರ ಪಟ್ಟಿ ತಲೆಕೆಳಗಾಯಿತಲ್ಲವೆ?

1947ರ ಫೆಬ್ರವರಿ 10ರಂದು ಪ್ಯಾರಿಸಿನಲ್ಲಾದ ಶಾಂತಿ ಒಪ್ಪಂದಕ್ಕೆ, ಇನ್ನೂ ಸ್ವತಂತ್ರವಾಗದಿದ್ದ ಭಾರತವೂ ಸಹಿ ಹಾಕಿತ್ತು. ಫಿನ್ನರು ತಮಗೆ ವೈರಿಗಳಾಗಿದ್ದರೆಂಬುದನ್ನು ನಮ್ಮವರಲ್ಲಿ ಎಷ್ಟು ಮಂದಿ ಬಲ್ಲರು? ಯುದ್ಧವನ್ನು ಸಾರುವವರು ಒಬ್ಬರು, ಅದರ ಹೊರೆಯನ್ನು ಹೊರುವವರು ಇನ್ನೊಬ್ಬರು.

ಆದರೆ ಶಾಂತಿ ಬಂದುದು ಬರಿಯ ಸಹಿಯಿಂದಲ್ಲ. ಕರೇಲಿಯದಿಂದ ನೆಲೆತಪ್ಪಿ ಬಂದ ನಾಲ್ಕು ಲಕ್ಷಕ್ಕೂ ಮಿಕ್ಕ ಜನರಿಗೆ ಉಳಿದ ನಾಡು ತನ್ನ ಹೊಲಗಳನ್ನು ಹಂಚಿಕೊಟ್ಟಿತು. ಮೊದಲು 30 ಕೋಟಿ ಡಾಲರೆಂದು ಗೊತ್ತಾಗಿ, ಮುಂದೆ ತಗ್ಗಿಸಲ್ಪಟ್ಟ ಯುದ್ಧದಂಡವನ್ನು ಹಡಗು, ಯಂತ್ರಗಳ ರೂಪದಲ್ಲಿ ಸಲ್ಲಿಸಿ 1952ರಲ್ಲಿ ತೀರಿಸಿತು. ಗೆದ್ದವರು ಬರೆದುಕೊಟ್ಟ ಶಾಂತಿಯನ್ನು ಸೋತವರು ದುಡಿದು ನಿಜಮಾಡಿದರು. ಪುಟ್ಟ ರಾಷ್ಟ್ರದ ನಿಜವಾದ ಶೌರ್ಯವನ್ನು ರಣರಂಗಕ್ಕಿಂತ ಇಲ್ಲಿಯೇ ಕಾಣಬೇಕೆಂದು ನನ್ನ ಅಭಿಪ್ರಾಯ.