ಸುಮ್ಮನೆ ಹೊರಟ ಗಂಡ-ಹೆಂಡತಿ

ಅರವತ್ತು ದಾಟಿದ ಗಂಡ-ಹೆಂಡತಿ ಚೀಲ ಹಿಡಿದು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ನೋಡಿದವರು ಮೂರರಲ್ಲಿ ಒಂದು ಕಾರಣ ಊಹಿಸಿಕೊಳ್ಳುತ್ತಾರೆ: ಮದುವೆ ಮನೆ, ಆಸ್ಪತ್ರೆ, ಇಲ್ಲವೇ ದೇವಸ್ಥಾನ. ನಾಲ್ಕನೆಯದು ಅವರ ಲೆಕ್ಕದಲ್ಲೇ ಇಲ್ಲ. ‘ಎಲ್ಲಿಗೆ ಹೊರಟ್ರಿ ಸಾರ್, ಇಬ್ರೂ?’ ಎಂದವರಿಗೆ ‘ಹಿಂಗೇ, ಬಳ್ಳಿಗಾವಿ ಕಡೆ, ಸುಮ್ನೆ’ ಎಂದರೆ ಸಮಾಧಾನವಾಗುವುದಿಲ್ಲ. ‘ಯಾರ ಮನೇಲಿ ಏನು ಕಾರ್ಯ?’ ಎಂದು ಇನ್ನೊಂದು ಸುತ್ತು ಕೇಳುತ್ತಾರೆ. ಯಾರ ಮನೆಯಲ್ಲೂ ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಅವರ ಮುಖದಲ್ಲಿ ಒಂದು ನಗೆ ಮೂಡುತ್ತದಲ್ಲ, ನನ್ನ ತಕರಾರು ಇರುವುದು ಆ ನಗೆಯ ಮೇಲೆ. ಅದಕ್ಕಿಂತ ಹೆಚ್ಚಾಗಿ, ಆ ನಗೆಯನ್ನೇ ಸರ್ಕಾರಿ ನೀತಿ ಮಾಡಿಕೊಂಡಂತೆ ಇರುವ ನಮ್ಮ ಪ್ರವಾಸಿ ತಾಣಗಳ ಮೇಲೆ.

ನಾನು ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ನೌಕರಿಯ ಬಹುಪಾಲು ಕಳೆದದ್ದು ಸೊರಬ, ಶಿಕಾರಿಪುರ ತಾಲ್ಲೂಕುಗಳ ಕೆರೆ ಏರಿ, ತೂಬು, ಕೋಡಿಗಳ ಮೇಲೆ. ಜೀಪಿನಲ್ಲಿ ಹೋಗುವುದು, ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುವುದು, ಕತ್ತಲಾಗುವುದರೊಳಗೆ ವಾಪಸ್ಸು ಬರುವುದು. ಏರಿಯ ಮೇಲೆ ಕೂತು ನೀರು ನೋಡಲು ಯಾವ ಮೇಲಧಿಕಾರಿಯೂ ಟಿ.ಎ. ಕೊಡುವುದಿಲ್ಲ. ನನ್ನ ಹೆಂಡತಿಗಂತೂ ಈ ಕೆರೆಗಳೆಲ್ಲ ನಾನು ಊಟಕ್ಕೆ ತಡವಾಗಿ ಬಂದದ್ದಕ್ಕೆ ಹೇಳುತ್ತಿದ್ದ ಕಾರಣಗಳ ಹೆಸರುಗಳು, ಅಷ್ಟೆ.

ಮಗಳು ನ್ಯೂಜಿಲೆಂಡಿನ ಉತ್ತರದ ಫಾಂಗರೇ ಎಂಬ ಊರಿನಲ್ಲಿ ನರ್ಸ್. ಬಾಣಂತನಕ್ಕೆಂದು ಇಬ್ಬರೂ ಅಲ್ಲಿಗೆ ಹೋದೆವು. ನಮ್ಮ ಕಡೆಯ ಅಪ್ಪ-ಅಮ್ಮಂದಿರು ವಿದೇಶ ಕಾಣುವುದೇ ಹೀಗೆ. ಅಂಟಿನುಂಡೆಯ ಡಬ್ಬ ಬಿಚ್ಚಿಸಿ ವಿಮಾನ ನಿಲ್ದಾಣದಲ್ಲಿ ಮೂಸಿ ನೋಡುತ್ತಾರೆ. ಅದಕ್ಕಾದರೂ ಒಂದು ಕಾರಣವಿದೆ, ಹೊರಗಿನ ಬೀಜ, ಹುಳ ಬರಬಾರದೆಂಬುದು ಅಲ್ಲಿಯ ಕಾನೂನು.

ಫಾಂಗರೇ ಊರ ನಡುವಿಗೇ ಹಾತೆಯಾ ಎಂಬ ನದಿ ಸಮುದ್ರದ ಉಬ್ಬರವನ್ನು ತರುತ್ತದೆ. ಅದರ ದಂಡೆಯಲ್ಲಿ ಹಾಯಿದೋಣಿಗಳ ನಿಲ್ದಾಣ. ಶಾಂತ ಸಾಗರದ ಉಷ್ಣವಲಯದ ದ್ವೀಪಗಳಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಅದನ್ನು ತಪ್ಪಿಸಿಕೊಳ್ಳಲು ಫಿಜಿ, ಟೋಂಗಾ ಕಡೆಯಿಂದ ಹಾಯಿದೋಣಿಗಳು ಅಕ್ಟೋಬರ್, ನವೆಂಬರ್ ಹೊತ್ತಿಗೆ ದಕ್ಷಿಣಕ್ಕೆ ಇಳಿಯುತ್ತವೆ. ಮೇ ಬರುವವರೆಗೆ ನ್ಯೂಜಿಲೆಂಡಿನ ಕರಾವಳಿಯಲ್ಲೇ ಕೊಲ್ಲಿಯಿಂದ ಕೊಲ್ಲಿಗೆ ಸುತ್ತಾಡಿಕೊಂಡಿರುತ್ತವೆ. ಅವುಗಳಲ್ಲಿ ಇರುವವರು ಬಹಳ ಮಟ್ಟಿಗೆ ಗಂಡ-ಹೆಂಡತಿ, ನಮ್ಮದೇ ವಯಸ್ಸಿನವರು.

ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ದಂಡೆಯಲ್ಲಿ ಓಡಾಡುವಾಗ ಫ್ರಾನ್ಸಿನ ಒಂದು ಜೋಡಿಯ ಪರಿಚಯವಾಯಿತು. ಆತ ಅಂಚೆಯವನಾಗಿದ್ದ, ಆಕೆ ಶಾಲೆಯೊಂದರಲ್ಲಿ ಕೆಲಸಕ್ಕಿದ್ದಳು. ನನ್ನ ಹೆಂಡತಿಯ ಇಂಗ್ಲಿಷೂ ಆಕೆಯ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಮಟ್ಟದ್ದಾದ್ದರಿಂದ ಮಾತು ಸರಾಗವಾಗಿ ನಡೆಯಿತು. ನಾನು ನಡುವೆ ಬಾಯಿ ಹಾಕಿದರೆ ಇಬ್ಬರಿಗೂ ತೊಡಕಾಗುತ್ತಿತ್ತು.

ಹಾಯಿದೋಣಿ ಎಂದರೆ ಕುಬೇರರ ಆಟಿಕೆ ಎಂದುಕೊಂಡಿದ್ದೆ. ಇವರದು ನನ್ನ ಮಗಳಿಗಿಂತ ಹಳೆಯ ದೋಣಿ. ಒಳಗೆ ಇಳಿದರೆ ನಮ್ಮ ಅಡುಗೆಮನೆಯಷ್ಟು ಜಾಗದಲ್ಲಿ ಅಡುಗೆಮನೆ, ಮಲಗುವ ಕಟ್ಟೆ, ನಕ್ಷೆ ಹರಡುವ ಮೇಜು, ಎಲ್ಲವೂ. ಎರಡು ಬರ್ನರಿನ ಗ್ಯಾಸ್ ಒಲೆಯನ್ನು ಎರಡು ಕಡೆ ತಿರುಗಣಿ ಕೊಟ್ಟು ತೂಗುಹಾಕಿದ್ದಾರೆ. ದೋಣಿ ವಾಲಿದರೂ ಒಲೆ ತೊಟ್ಟಿಲಿನಂತೆ ತೂಗಿ ಮಟ್ಟಸವಾಗಿಯೇ ಇರುತ್ತದೆ. ಪಾತ್ರೆ ಜಾರದಂತೆ ಅಂಚಿಗೆ ಕಂಬಿ. ಸಿಂಕಿಗೆ ಕೈಯಲ್ಲಿ ತಿರುಗಿಸುವ ನಲ್ಲಿ ಇಲ್ಲ, ಕಾಲಲ್ಲಿ ಒತ್ತುವ ಎರಡು ಪಂಪು: ಒಂದರಲ್ಲಿ ಸಮುದ್ರದ ನೀರು, ಒಂದರಲ್ಲಿ ಸಿಹಿನೀರು. ಪಾತ್ರೆ ತೊಳೆಯುವುದು ಉಪ್ಪುನೀರಿನಲ್ಲಿ, ಕೊನೆಗೆ ಒಂದು ಲೋಟ ಸಿಹಿನೀರು ಹಾಯಿಸಿದರೆ ಮುಗಿಯಿತು. ಒತ್ತಿದಷ್ಟೇ ನೀರು ಬರುವುದರಿಂದ ಪೋಲಾಗುವ ಮಾತೇ ಇಲ್ಲ. ಇಡೀ ವೃತ್ತಿಜೀವನದಲ್ಲಿ ನಾಲೆಯ ಕೊನೆಯ ರೈತನಿಗೆ ನೀರು ಮುಟ್ಟಿಸಲು ಒದ್ದಾಡಿದ ನನಗೆ ಆ ಕಾಲ್ಪಂಪಿನ ಮುಂದೆ ತುಸು ಹೊತ್ತು ನಿಲ್ಲಬೇಕೆನ್ನಿಸಿತು.

ನನ್ನ ಹೆಂಡತಿ ನೋಡಿದ್ದೇ ಬೇರೆ. ‘ರೀ, ಪಾತ್ರೆ ತೊಳೀತಿರೋದು ಅವನು ನೋಡಿ’ ಎಂದಳು. ಆಮೇಲೆ ಆಕೆಯನ್ನು ನೇರವಾಗಿ ಕೇಳಿದಳು, ಇಷ್ಟು ಸಣ್ಣ ಜಾಗದಲ್ಲಿ ಜಗಳ ಆದರೆ ಎಲ್ಲಿಗೆ ಹೋಗುತ್ತೀರಿ ಎಂದು. ಒಬ್ಬರು ಮೂತಿಗೆ, ಒಬ್ಬರು ಹಿಂತುದಿಗೆ ಎಂದಳು ಆಕೆ. ಆದರೆ ಲಂಗರು ಎತ್ತುವಾಗ ಇಬ್ಬರೂ ಬೇಕು, ಒಬ್ಬರು ಇಂಜಿನ್ನು ನೋಡಬೇಕು, ಒಬ್ಬರು ಸರಪಣಿ ಎಳೆಯಬೇಕು, ಹಾಗಾಗಿ ಜಗಳ ಅಲ್ಲಿಗೆ ಮುಗಿಯುತ್ತದಂತೆ.

ಅವರದು ಸೋಮಾರಿ ಬದುಕಲ್ಲ. ಬೆಳಗಾದರೆ ಹಗ್ಗ, ಹಾಯಿಗೆ ಹೊಲಿಗೆ, ತಳಕ್ಕೆ ಅಂಟುವ ಕಪ್ಪೆಚಿಪ್ಪು ಕೆರೆದು ಬಣ್ಣ ಬಳಿಯುವುದು. ಆದರೆ ‘ಎಷ್ಟು ಹೊತ್ತಿಗೆ ಬರುತ್ತೀರಿ’ ಎಂದು ಕೇಳುವವರು ಯಾರೂ ಇಲ್ಲ. ಗಾಳಿ ಎದುರಾದರೆ ಹೋಗುವುದಿಲ್ಲ. ಒಂದು ಕೊಲ್ಲಿ ಹಿಡಿಸಿದರೆ ವಾರ ಅಲ್ಲೇ. ನಾವಾದರೆ ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿಯನ್ನು ಎರಡು ದಿನದಲ್ಲಿ ಮುಗಿಸಿ, ಮುಗಿಸಿದೆವೆಂದು ಹೇಳಿಕೊಳ್ಳುವ ಜನ.

ಇನ್ನೆರಡು ಸಂಗತಿ ಹೇಳದಿದ್ದರೆ ಇದು ಬರೀ ಪ್ರವಾಸ ಕಥನವಾಗುತ್ತದೆ. ಆ ನದಿಗೆ 2013ರಲ್ಲಿ ಕಟ್ಟಿದ ‘ತೆ ಮಾತಾಉ ಆ ಪೋಹೆ’ ಎಂಬ ಸೇತುವೆಯಿದೆ. ಅದರ ಒಂದು ಭಾಗ ಮೇಲಕ್ಕೆ ಎದ್ದು ದೋಣಿಗೆ ದಾರಿ ಬಿಡುತ್ತದೆ. ಎರಡೂ ಕಡೆ ಕಾರು, ಲಾರಿ ನಿಂತಿರುತ್ತವೆ. ನಡುವೆ ಇಬ್ಬರೇ ಇಬ್ಬರು ಮುದುಕರ ದೋಣಿ ನಿಧಾನಕ್ಕೆ ದಾಟುತ್ತದೆ. ಯಾರೂ ಹಾರ್ನ್ ಹೊಡೆಯುವುದಿಲ್ಲ. ಸುಮ್ಮನೆ ತಿರುಗುವವರಿಗಾಗಿ ಅಷ್ಟು ಕಬ್ಬಿಣ ಎತ್ತುವ ವ್ಯವಸ್ಥೆಗೆ ಯಾರೋ ಒಬ್ಬ ಇಂಜಿನಿಯರ್ ಎಸ್ಟಿಮೇಟ್ ಬರೆದಿದ್ದಾನೆ, ಯಾರೋ ಸಹಿ ಹಾಕಿದ್ದಾರೆ. ನಮ್ಮಲ್ಲಿ ಇಂಥದ್ದನ್ನು ಮಂಡಿಸಿದ್ದರೆ ನನ್ನ ಮೇಲಧಿಕಾರಿಗಳು ನನ್ನನ್ನು ರಜೆಯ ಮೇಲೆ ಕಳಿಸುತ್ತಿದ್ದರು.

ಇನ್ನೊಂದು, ಶೌಚಾಲಯ. ಫಾಂಗರೇಯಿಂದ ಉತ್ತರಕ್ಕೆ ಹೋದರೆ ಕಾವಾಕಾವಾ ಎಂಬ ಸಣ್ಣ ಊರು. ಆಸ್ಟ್ರಿಯಾದ ಕಲಾವಿದ ಹುಂಡರ್ಟ್‌ವಾಸರ್ 1970ರ ದಶಕದಲ್ಲಿ ವೆನಿಸ್‌ನಿಂದ ತನ್ನ ಹಾಯಿಹಡಗಿನಲ್ಲಿ ನ್ಯೂಜಿಲೆಂಡಿಗೆ ಬಂದು, ಈ ಊರಿನ ಆಸುಪಾಸಿನಲ್ಲಿ ನೆಲೆಸಿದ. ಊರಿನವರಿಗಾಗಿ ಅವನು 1999ರಲ್ಲಿ ಕಟ್ಟಿಸಿಕೊಟ್ಟದ್ದು ದೇವಾಲಯವಲ್ಲ, ಪ್ರತಿಮೆಯಲ್ಲ, ಒಂದು ಸಾರ್ವಜನಿಕ ಶೌಚಾಲಯ. ಚಾವಣಿಯ ಮೇಲೆ ಹುಲ್ಲು, ಕಿಟಕಿಗೆ ಖಾಲಿ ಬಾಟಲಿಗಳು, ಶಾಲಾ ಮಕ್ಕಳು ಮಾಡಿದ ಹೆಂಚುಬಿಲ್ಲೆಗಳು, ಅಲ್ಲಿದ್ದ ಮರವನ್ನು ಕಡಿಯದೆ ಉಳಿಸಿಕೊಂಡ ಗೋಡೆ. ಜನ ಬಸ್ಸು ಮಾಡಿಕೊಂಡು ಬಂದು ಶೌಚಾಲಯದ ಫೋಟೊ ತೆಗೆದುಕೊಳ್ಳುತ್ತಾರೆ. ನಾವೂ ತೆಗೆದುಕೊಂಡೆವು, ಉಪಯೋಗಿಸಿದ ಮೇಲೆ.

ಈಗ ನಮ್ಮ ತಾಲ್ಲೂಕುಗಳಿಗೆ ಬನ್ನಿ. ಹಾಯಿದೋಣಿ ಬೇಕೆಂದು ನಾನು ಕೇಳುತ್ತಿಲ್ಲ. ಕುಮುದ್ವತಿಯಲ್ಲಿ ಬೇಸಿಗೆಗೆ ದೋಣಿ ಇರಲಿ, ಪಾದ ಮುಳುಗುವುದೂ ಕಷ್ಟ. ಆದರೆ ಕೊಲ್ಲಿಯಿಂದ ಕೊಲ್ಲಿಗೆ ಹೋಗುವಂತೆ ಕೆರೆಯಿಂದ ಕೆರೆಗೆ ಹೋಗಬಹುದಾದ ಸೀಮೆ ನಮ್ಮದು. ಶಿರಾಳಕೊಪ್ಪದ ಪಕ್ಕದಲ್ಲೇ ಬಳ್ಳಿಗಾವಿ. ಅಲ್ಲಿಯ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದು ಹೇಳುತ್ತದೆ: ದೀನರು, ಕುಂಟರು, ಕುರುಡರು, ಹಾಡುವವರು, ಕುಣಿಯುವವರು, ಬೇರೆ ಮತದ ಸನ್ಯಾಸಿಗಳು, ಬಂದವರಿಗೆಲ್ಲ ಅಲ್ಲಿ ಅನ್ನ, ದಿಕ್ಕಿಲ್ಲದ ರೋಗಿಗಳಿಗೆ ಔಷಧಿ. ಅಲ್ಲಿಂದ ಸ್ವಲ್ಪ ದೂರಕ್ಕೆ ತಾಳಗುಂದ. ಪ್ರಣವೇಶ್ವರ ದೇವಾಲಯದ ಮುಂದಿನ ಶಾಸನದ ಕಂಬ ಕದಂಬರ ಮಯೂರಶರ್ಮನ ಕಥೆ ಹೇಳುತ್ತದೆಂದು ಎಲ್ಲರಿಗೂ ಗೊತ್ತು. ನನ್ನಂಥವನಿಗೆ ಮುಖ್ಯವಾದದ್ದು ಬೇರೆ, ಆ ಶಾಸನ ಹುಟ್ಟಿದ್ದು ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ನೆಪದಲ್ಲಿ. ಆನವಟ್ಟಿ ಹತ್ತಿರ ಕುಬಟೂರಿನ ಕೈಟಭೇಶ್ವರ. ಸೊರಬದ ಆಚೆ ಗುಡವಿ ಕೆರೆ, ಮಳೆಗಾಲ ಹಿಡಿದ ಮೇಲೆ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆಗಳ ಬಾಣಂತನ ಅಲ್ಲಿ. ವರದೆ ಬನವಾಸಿಯನ್ನು ಬಳಸಿಕೊಂಡು ಹೋಗುವ ದಾರಿ.

ಇಷ್ಟೂ ಊರುಗಳನ್ನು ನಾವಿಬ್ಬರು ಬಸ್ಸಿನಲ್ಲಿ ತಿರುಗುತ್ತಿದ್ದೇವೆ. ಬಸ್ಸಿನೊಳಗೆ ನಮ್ಮದೇ ಒಂದು ತಮಾಷೆ. 2023ರ ಜೂನ್ 11ರಿಂದ, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಶಕ್ತಿ ಯೋಜನೆಯಲ್ಲಿ, ಆಕೆಗೆ ಶೂನ್ಯ ಟಿಕೆಟ್. ನನಗೆ ಹಿರಿಯ ನಾಗರಿಕನೆಂದು ಶೇ 25 ರಿಯಾಯಿತಿ, ಅದಕ್ಕೂ ಕಾರ್ಡು ಹುಡುಕಬೇಕು. ಕಂಡಕ್ಟರ್ ಮೊದಲು ಆಕೆಯ ಕೈಗೆ ಟಿಕೆಟ್ ಕೊಟ್ಟು, ‘ಯಜಮಾನ್ರದ್ದು?’ ಎಂದು ಆಕೆಯನ್ನೇ ಕೇಳುತ್ತಾನೆ. ಇಷ್ಟು ವರ್ಷ ಪರ್ಸು ನನ್ನ ಜೇಬಿನಲ್ಲಿತ್ತು, ಎಲ್ಲಿಗೆ ಹೋಗಬೇಕೆಂಬ ತೀರ್ಮಾನವೂ ಅದೇ ಜೇಬಿನಲ್ಲಿತ್ತು. ಈಗ ತೀರ್ಮಾನ ಆಕೆಯದು. ಈ ಯೋಜನೆಯನ್ನು ಬಿಟ್ಟಿ ಎಂದು ಬೈಯುವವರು ಒಮ್ಮೆ ಸೀಟಿನ ಕಿಟಕಿ ಕಡೆ ಕೂತ ಹೆಂಗಸರ ಮುಖ ನೋಡಲಿ. ತೊಂದರೆಯೆಂದರೆ ಮಲೆನಾಡಿನ ಬಹಳಷ್ಟು ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿಯೂ ಇಲ್ಲ, ರಿಯಾಯಿತಿಯೂ ಇಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಬಂದ ಮೇಲೆ ನೋಡೋಣವೆಂದರೆ, ರೈಲ್ವೆ ಹಿರಿಯರಿಗೆ ಕೊಡುತ್ತಿದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ಕೊರೊನಾ ಹೆಸರಿನಲ್ಲಿ ನಿಲ್ಲಿಸಿ ಕೂತಿದೆ.

ಬಸ್ಸು ಇಳಿದ ಮೇಲೆ ಶುರುವಾಗುವುದು ನಿಜವಾದ ಕಷ್ಟ. ಒಂದು ತಾಣದಲ್ಲಿ ಶೌಚಾಲಯ ಇತ್ತು, ಬೀಗ ಹಾಕಿತ್ತು. ಕೀಲಿ ಯಾರ ಬಳಿ ಎಂದರೆ, ಅವರು ಊಟಕ್ಕೆ ಹೋಗಿದ್ದಾರೆ ಎಂದರು. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ನಾನು ಗಂಡಸು, ಹೇಗೋ ನಡೆದೀತು. ಆಕೆ ಬೆಳಿಗ್ಗೆಯಿಂದ ನೀರು ಕುಡಿಯದೆ ಹೊರಡುವುದನ್ನು ಕಲಿತುಕೊಂಡಿದ್ದಾಳೆ. ನಮ್ಮ ಹೆಂಗಸರು ಮನೆ ಬಿಟ್ಟು ಹೊರಡಲು ಒಪ್ಪದಿರುವುದಕ್ಕೆ ಮೊಣಕಾಲು ನೋವು ಎಂದು ಕಾರಣ ಕೊಡುತ್ತಾರೆ. ನನಗೀಗ ಆ ಕಾರಣದ ಮೇಲೆ ಅನುಮಾನ.

ಇದಕ್ಕೆ ಎದುರು ಮಾತು ಗೊತ್ತಿದೆ. ಪಿಂಚಣಿ ಬರುವವನಿಗೆ ವಿಹಾರ, ಇಲ್ಲದವನಿಗೆ? ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಪ್ಪತ್ತರ ಗಂಡ-ಹೆಂಡತಿ ಇದ್ದಾರೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತರ ತನಕ ಕೆ.ಜಿ. ಲೆಕ್ಕದಲ್ಲಿ ಅಡಿಕೆ ಸುಲಿಯುತ್ತಾರೆ, ಉಳಿದ ದಿನ ಶುಂಠಿ ಗದ್ದೆ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ಇಬ್ಬರ ಔಷಧಿಗೆ ಸಾಲದು. ನ್ಯೂಜಿಲೆಂಡಿನಲ್ಲಿ 65 ತುಂಬಿದವರಿಗೆ, ನಿಗದಿತ ವರ್ಷ ಅಲ್ಲಿ ವಾಸವಿದ್ದರೆ, ಆಸ್ತಿ ಎಷ್ಟು ಎಂದು ಕೇಳದೆ ಸರ್ಕಾರ ಪಿಂಚಣಿ ಕೊಡುತ್ತದೆ. ಅಲ್ಲಿ ದಂಡೆಯ ಬೆಂಚುಗಳು ತುಂಬಿರುವುದರ ಹಿಂದೆ ಅದೂ ಇದೆ. ಆ ಅಡಿಕೆ ಸುಲಿಯುವ ದಂಪತಿಗೆ ಬೇಕಾದದ್ದು ಮೊದಲು ಸಾಲುವಷ್ಟು ಪಿಂಚಣಿ, ನಿಜ. ಆದರೆ ಅವರಿಗೆ ಅದು ಬರುವ ತನಕ ಕೆರೆ ಏರಿಯ ಮೇಲೆ ಬೆಂಚು ಹಾಕುವುದೇ ಬೇಡ ಎಂಬ ವಾದ ಮಾಡುವವರು ಸಾಮಾನ್ಯವಾಗಿ ಕಾರಿನಲ್ಲಿ ಓಡಾಡುವವರು.

ಈ ಎರಡು ತಾಲ್ಲೂಕು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ, ಸೊರಬ ಬಂಗಾರಪ್ಪನವರನ್ನು, ಶಿಕಾರಿಪುರ ಯಡಿಯೂರಪ್ಪನವರನ್ನು. ನಮಗೆ ದೊಡ್ಡದು ಕೇಳಿ ಅಭ್ಯಾಸ. ಏತ ನೀರಾವರಿ, ಚತುಷ್ಪಥ, ಎತ್ತರದ ಪ್ರತಿಮೆ. ಕಟ್ಟುವುದಕ್ಕೆ ಎಸ್ಟಿಮೇಟ್ ಇರುತ್ತದೆ, ತೊಳೆಯುವುದಕ್ಕೆ ಇರುವುದಿಲ್ಲ. ಇದು ನಾನು ಇಲಾಖೆಯ ಒಳಗಿದ್ದೇ ಕಂಡದ್ದು. ಕಾಮಗಾರಿ ಮುಗಿದ ದಿನ ಫಲಕ, ಫೋಟೊ. ಮರುದಿನದಿಂದ ಬಕೆಟ್ ಹಿಡಿದು ಬರಬೇಕಾದ ಹೆಂಗಸಿನ ಸಂಬಳ ಯಾವ ಲೆಕ್ಕ ಶೀರ್ಷಿಕೆಯಲ್ಲೂ ಬರುವುದಿಲ್ಲ. ಆದ್ದರಿಂದ ಬೀಗ.

ಹೊಸ ಕಟ್ಟಡ ಬೇಡ. ಇರುವ ಶೌಚಾಲಯವನ್ನು ಬೆಳಗಿನಿಂದ ಸಂಜೆಯವರೆಗೆ ತೆರೆದಿಡಲು ಒಬ್ಬರಿಗೆ ತಿಂಗಳ ಸಂಬಳ, ಬೆನ್ನು ಆನಿಸಲು ಆಗುವಂಥ ಒಂದೆರಡು ಬೆಂಚು, ಸಂಜೆ ಐದೂವರೆಗೆ ಶಿರಾಳಕೊಪ್ಪದ ಕಡೆ ಒಂದು ಕೆಂಪು ಬಸ್ಸು. ಇಷ್ಟಕ್ಕೆ ಸಚಿವ ಸಂಪುಟ ಸೇರಬೇಕಿಲ್ಲ. ಬೆಂಚಿಗೂ ಸಂಬಳಕ್ಕೂ ಗ್ರಾಮ ಪಂಚಾಯಿತಿಯ ಠರಾವು ಸಾಕು, ಬಸ್ಸಿಗೆ ಡಿಪೊ ಮ್ಯಾನೇಜರು ಮನಸ್ಸು ಮಾಡಿದರೆ ಸಾಕು. ಎರಡು ಕಡೆಗೂ ಅರ್ಜಿ ಬರೆದಿಟ್ಟಿದ್ದೇನೆ. ಹೆಂಡತಿ ಓದಿ ನೋಡಿ, ‘ಹಿರಿಯ ನಾಗರಿಕರ ಅನುಕೂಲಕ್ಕಾಗಿ’ ಎಂದಿದ್ದುದನ್ನು ಹೊಡೆದು ‘ಗಂಡ-ಹೆಂಡತಿ ಕೂರುವುದಕ್ಕಾಗಿ’ ಎಂದು ತಿದ್ದಿದ್ದಾಳೆ. ತಿದ್ದುಪಡಿ ಹಾಗೆಯೇ ಇರಲಿ ಎಂದು ಕೆಳಗೆ ಸಹಿ ಹಾಕಿದ್ದೇನೆ.